ಬಿ ಸೈಡಿನ ವಿಭೂತಿ

"ಇದು ನನ್ನ ಪ್ಲೇಟಲ್ಲ ಮೇಡಂ. ನೀವ ಕೇಳಿ ನೋಡ್ರಿ," ಎಂದು ಚನ್ನವೀರ ರೆಕಾರ್ಡ್ ಪ್ಲೇಯರಿನ ಮುಳ್ಳನ್ನು ಮೆಲ್ಲಗೆ ಇಳಿಸಿದ.

ಊಟದ ತಟ್ಟೆಗಿಂತ ಸಣ್ಣದಾದ ಕಪ್ಪು ಪ್ಲೇಟು ಗಿರಗಿರ ತಿರುಗಿತು. ಎ ಸೈಡಿನ ಇಂಗ್ಲಿಷ್ ಹಾಡು ಬಂತು, ಆದರೆ ತೂರಾಡುತ್ತ ಬಂತು. ಮಗುಚಿ ಹಾಕಿದರೆ ಬಿ ಸೈಡಿನಲ್ಲಿ ಹಾಡೇ ಇಲ್ಲ. ರೈಸ್ ಮಿಲ್ಲಿನ ಹಿಂದೆ ಹೊಟ್ಟು ಸುರಿಯುವ ಹಾಗೆ ಬರೀ ಸರಸರ ಸದ್ದು.

ಅಸಲಿ ಪ್ಲೇಟನ್ನು ಎತ್ತಿ ಅದರ ಜಾಗದಲ್ಲಿ ಯಾರೋ ಇದನ್ನು ಇಟ್ಟಿದ್ದಾರೆಂದು ನಿನ್ನೆ ಸಂಜೆ ಗೊತ್ತಾಗಿತ್ತು. ಬೆಳಗಾಗುವುದರೊಳಗೆ ಮಹಾಲಕ್ಷ್ಮಿಗೆ ಕರೆ ಹೋಗಿತ್ತು.

ಸಿಂಧನೂರಿನಲ್ಲಿ ಮಹಾಲಕ್ಷ್ಮಿಯನ್ನು ಅರಿಯದ ಹೆಣ್ಣು ಹೆತ್ತವರಿಲ್ಲ. ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಬೇರೆ ಊರಿನಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾನೋ ಎಂದು ಪತ್ತೆ ಮಾಡಿ ಹೇಳುವುದು ಆಕೆಯ ಕಸುಬು. ಆಕೆ ಸರಿ ಎಂದ ಸಂಬಂಧ ಒಂದೂ ಕೆಟ್ಟಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಆಕೆ ಕಾಯುವವಳೂ ಅಲ್ಲ, ತಾನೇ ಹೇಳಿಬಿಡುತ್ತಿದ್ದಳು. ಆದರೆ ಹಾಡಿನ ಪ್ಲೇಟು ಹುಡುಕುವ ಕೆಲಸ ಆಕೆಗೂ ಹೊಸದು.

ಚನ್ನವೀರನ ರೈಸ್ ಮಿಲ್ಲಿನಲ್ಲಿ ಈ ಒಂದು ಕೋಣೆಗೆ ಮಾತ್ರ ಎ.ಸಿ. ಇತ್ತು. ಅದು ಸಾಹುಕಾರನಿಗಲ್ಲ, ಪ್ಲೇಟುಗಳಿಗೆ. ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಸಣ್ಣ ಪ್ಲೇಟು. ಲೀಡ್ಸ್, ಬ್ರಿಸ್ಬೇನ್, ಒಸಾಕಾ ಎಂದು ಎಲ್ಲೆಲ್ಲಿಂದಲೋ ಪಾರ್ಸಲ್ ಹಾಕಿಸಿಕೊಂಡದ್ದು. ಎಲ್ಲವೂ ಪಂಕ್, ಇಂಡಿ ಎಂದು ಕರೆಸಿಕೊಳ್ಳುವ ಬ್ಯಾಂಡುಗಳವು. ಅವುಗಳ ಹೆಸರು ಅವುಗಳ ಊರಿನವರಿಗೇ ಗೊತ್ತಿತ್ತೋ ಇಲ್ಲವೋ.

"ಪಂಕ್ ಹಾಡು ಅಂದ್ರ ಏನ್ರಿ ಸಾವ್ಕಾರ್ರ?" ಎಂದು ಮಹಾಲಕ್ಷ್ಮಿ ಕೇಳಿದಳು.

"ಸಿಟ್ಟು ಮೇಡಂ. ಎರಡು ನಿಮಿಷದ ಸಿಟ್ಟು. ಭಾಳ ಉದ್ದ ಇರಂಗಿಲ್ಲ." ಚನ್ನವೀರನ ಕಣ್ಣು ಮಿನುಗಿದವು. "ಅದರಾಗ ಎ ಸೈಡು ಮಂದಿಗೆ ತೋರ್ಸಾಕ. ಬಿ ಸೈಡು ತಮಗೋಸ್ಕರ. ಖರೇ ಹಾಡು ಯಾವಾಗಲೂ ಹಿಂದಿನ ಕಡಿ ಇರ್ತೈತಿ. ಇಡೀ ರಾಯಚೂರು ಜಿಲ್ಲಾದಾಗ ಬಿ ಸೈಡು ಕೂಡ್ಸಾಂವ ನಾನೊಬ್ಬನ."

ಕಳುವಾದ ಪ್ಲೇಟು ಮಾತ್ರ ಪರದೇಶದ್ದಲ್ಲ, ಮಸ್ಕಿಯದು. ಹತ್ತು ವರ್ಷದ ಹಿಂದೆ ದೀಪಿಕಾ, ಅನಿಲಕುಮಾರ, ಆಸೀಫ್ ಎಂಬ ಮೂವರು 'ಜಾಲಿಮುಳ್ಳು' ಎಂಬ ಬ್ಯಾಂಡ್ ಕಟ್ಟಿದ್ದರು. ಎ ಸೈಡಿಗೆ ಇಂಗ್ಲಿಷ್ ಹಾಡು, ಬಿ ಸೈಡಿಗೆ 'ಟೇಲೆಂಡ್', ಅಂದರೆ ಕಾಲುವೆಯ ತುದಿ. ಕಾಲುವೆಯ ಮೇಲಿನವರು ನೀರೆಲ್ಲ ಎಳೆದುಕೊಂಡರೆ ಕೊನೆಯವರು ಏನು ಮಾಡಬೇಕೆಂದು ದೀಪಿಕಾ ಗಂಟಲು ಹರಿಯುವಂತೆ ಕೂಗಿ ಕೇಳುವ ಹಾಡು ಅದು. ಮೇಲಿನ ಕಾಲುವೆಯ ಭತ್ತದಿಂದಲೇ ಮಿಲ್ಲು ಕಟ್ಟಿದ ಚನ್ನವೀರನಿಗೆ ಅದೇ ಪ್ರಾಣ.

ಕೇಳುವವರು ಪ್ಲೇಟಿನಲ್ಲೇ ಕೇಳಲಿ, ಇಂಟರ್ನೆಟ್ಟಿಗೆ ಹಾಕುವುದಿಲ್ಲ ಎಂದು ಮೂವರೂ ಹಟ ಹಿಡಿದಿದ್ದರು. ಪರದೇಶದಲ್ಲಿ ಅಚ್ಚಾದ ಪ್ಲೇಟುಗಳ ಪೆಟ್ಟಿಗೆಯನ್ನು ಮೇ ತಿಂಗಳಲ್ಲಿ ಬಸ್ಸಿನ ಟಾಪಿನ ಮೇಲೆ ಹಾಕಿ ತಂದರು. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದ ಚನ್ನವೀರ ತಾಳಲಾರದೆ ನಡುವಿನಿಂದ ಒಂದನ್ನು ಎಳೆದುಕೊಂಡ. ಮಿಕ್ಕದ್ದು ಮಸ್ಕಿ ಮುಟ್ಟುವ ಹೊತ್ತಿಗೆ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಮೂವರೂ ನೆನಪಿಗೆ ಒಂದೊಂದು ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದರು. ರೆಕಾರ್ಡ್ ಮಾಡಿದ ಕಂಪ್ಯೂಟರು ಸುಟ್ಟುಹೋಯಿತು. ಹಾಡಬಲ್ಲ 'ಟೇಲೆಂಡ್' ಈ ಭೂಮಿಯ ಮೇಲೆ ಒಂದೇ ಉಳಿಯಿತು.

ಈಗ ಬೆಂಗಳೂರಿನ ದೊಡ್ಡ ಹಾಡಿನ ಕಂಪನಿಯೊಂದು ಅದೇ ರಾಗ, ಅದೇ ಮಾತು ಎತ್ತಿಕೊಂಡು ತನ್ನದೆಂದು ಸಾರುತ್ತಿದೆ. ದೀಪಿಕಾ ರಾಯಚೂರಿನ ಕೋರ್ಟಿಗೆ ಹೋಗಿದ್ದಾಳೆ. ನಾಳೆ ಬೆಳಿಗ್ಗೆ ಜಡ್ಜ್ ಸಾಹೇಬರ ಮುಂದೆ ಪ್ಲೇಟು ಹಾಡಬೇಕು. ಲೇಬಲ್ಲಿನ ಅಂಚಿನಲ್ಲಿ ಅಚ್ಚಿನವರು ಕೊರೆದ ಇಸವಿಯನ್ನು ಅವರು ಕಣ್ಣಾರೆ ನೋಡಬೇಕು. ಅದಿಲ್ಲದಿದ್ದರೆ ಮಸ್ಕಿಯ ಹಾಡು ಕಂಪನಿಯ ಪಾಲು.

"ಸಂಜೀ ಒಳಗ ಸಿಗಬೇಕು ಮೇಡಂ," ಎಂದ ಚನ್ನವೀರ.

"ಕೋರ್ಟು ನಾಳೆ ಐತಲ್ರಿ?"

"ಐತಿ. ಆದ್ರ ಸಂಜೀ ಒಳಗ ನನ್ನ ಕೈಯಾಗ ಇರಬೇಕು."

ಮಹಾಲಕ್ಷ್ಮಿ ನಕಲಿ ಪ್ಲೇಟನ್ನು ಬೆಳಕಿಗೆ ಹಿಡಿದಳು. ಎ ಸೈಡಿನ ಲೇಬಲ್ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಕಪಾಟಿನಿಂದ ಬೇರೊಂದನ್ನು ಎಳೆದಳು. ವಿಭೂತಿ ಬಿ ಸೈಡಿಗಿತ್ತು. ಮತ್ತೊಂದು ಎಳೆದಳು, ಅದರಲ್ಲೂ ಬಿ ಸೈಡಿಗೇ.

"ಇದೇನ್ರಿ?"

"ಆಯುಧಪೂಜಿ ದಿನ ಮಿಲ್ಲಿನ ಮಷೀನು, ಲಾರಿ, ತಕ್ಕಡಿ ಎಲ್ಲದಕ್ಕೂ ಅವ್ವ ವಿಭೂತಿ ಹಚ್ತಾಳ. ಪ್ಲೇಟಿಗೂ ಹಚ್ತಾಳ. ಮುಖ ಯಾವುದಪ್ಪಾ ಅಂತ ಮೊದಲನೇ ವರ್ಷ ಕೇಳಿದ್ಳು. ಬಿ ಸೈಡು ಅಂತ ಹೇಳ್ದೆ. ಅವತ್ತಿಂದ ನಮ್ಮ ಮನ್ಯಾಗ ಬಿ ಸೈಡ ಮುಖ."

ಮಹಾಲಕ್ಷ್ಮಿಗೆ ಒಳಗೊಳಗೇ ಹಿಗ್ಗಾಯಿತು. ಈ ಮನೆಯ ಪದ್ಧತಿ ಗೊತ್ತಿಲ್ಲದವನೇ ಎ ಸೈಡಿಗೆ ಹಚ್ಚಿ ಕೆಟ್ಟಿದ್ದಾನೆ. ನಕಲಿ ಎಂದರೆ ಆ ಮೂವರು ಇಟ್ಟುಕೊಂಡ ಸೊಟ್ಟ ಪ್ಲೇಟುಗಳಲ್ಲಿ ಒಂದನ್ನು ಸಪಾಟು ಮಾಡಿದ್ದೇ ಇರಬೇಕು. ದೀಪಿಕಾ, ಆಸೀಫ್ ಇಬ್ಬರೂ ಪ್ರತಿ ವರ್ಷ ಪೂಜೆಗೆ ಬರುತ್ತಾರೆ. ಬ್ಯಾಂಡು ಒಡೆದಾಗ ಜಗಳ ಮಾಡಿಕೊಂಡು ಹೋದ ಅನಿಲಕುಮಾರ ಒಮ್ಮೆಯೂ ಬಂದಿಲ್ಲ. ಗಂಟೆಯೊಳಗೆ ಕಳ್ಳನ ಬಾಲ ಕೈಗೆ ಸಿಕ್ಕಿತು ಎಂದುಕೊಂಡು ಸ್ಕೂಟಿಯ ಕೀಲಿ ತೆಗೆದಳು.

ಬಾಗಿಲಲ್ಲಿ ಪಾರ್ವತೆಮ್ಮ ನಿಂತಿದ್ದಳು. ಚನ್ನವೀರನ ತಾಯಿ. ಹಣೆತುಂಬ ವಿಭೂತಿ, ಕೈಯಲ್ಲಿ ಬಟ್ಟೆ ಕಟ್ಟಿದ ಬುತ್ತಿ.

"ಸಿಕ್ರ ಯಾರಿಗಿ ಕೊಡ್ತೀಯವಾ?" ಎಂದು ಕೇಳಿದಳು.

"ಕೆಲಸ ಕೊಟ್ಟವ್ರ ಕೈಗೇರಿ ಅಮ್ಮಾ. ಇಷ್ಟು ವರ್ಷ ಅದ ನನ್ನ ಮರ್ಯಾದಿ," ಎಂದು ಮಹಾಲಕ್ಷ್ಮಿ ಎದೆ ಸೆಟೆಸಿ ಹೇಳಿದಳು. ಹಿಂದೆ ನಿಂತ ಚನ್ನವೀರ ತಲೆ ಆಡಿಸಿದ.

ಪಾರ್ವತೆಮ್ಮ ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಬುತ್ತಿಯನ್ನು ಆಕೆಯ ಕೈಗಿಟ್ಟಳು. "ಕಟಕ್ ರೊಟ್ಟಿ ಅದಾವ. ಮಸ್ಕ್ಯಾಗ ದೀಪಿಕಾನ ಜೋಡಿ ಕುಂತು ಬಿಚ್ಚಿ ಉಣ್ಣು, ಒಬ್ಬಾಕಿನ ಉಣಬ್ಯಾಡ. ಬಿಸಲಾಗ ಇಡಬ್ಯಾಡ ಮತ್ತ."

"ರೊಟ್ಟಿಗೇನಾಕ್ಕೈತ್ರಿ ಅಮ್ಮಾ, ಬಿಸಲಿಗೆ?" ಎಂದು ನಗುತ್ತ ಮಹಾಲಕ್ಷ್ಮಿ ಬುತ್ತಿಯನ್ನು ಚೀಲಕ್ಕೆ ಹಾಕಿ ಸ್ಕೂಟಿಯ ಕೊಂಡಿಗೆ ಸಿಕ್ಕಿಸಿದಳು.

ದಾರಿಯಲ್ಲಿ ಗೊರೇಬಾಳದ ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ಬಿಸಿಲು ಏರುವ ಮುಂಚೆಯೇ ಮಸ್ಕಿ ಮುಟ್ಟಿ, ಅನಿಲಕುಮಾರನ ಮೊಬೈಲ್ ಅಂಗಡಿಯ ಮುಂದೆ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದಳು. ಮಾತು ಶುರು ಮಾಡುವ ಮೊದಲೇ ಆಕೆಯ ಲೆಕ್ಕ ತಲೆಕೆಳಗಾಯಿತು. ಅನಿಲಕುಮಾರನ ಸೊಟ್ಟ ಪ್ಲೇಟು ಅವನ ತಲೆಯ ಮೇಲೆಯೇ ಗೋಡೆಗೆ ನೇತಾಡುತ್ತಿತ್ತು. ನಡುವಿನ ತೂತಿಗೆ ಮಷೀನು ಕೂರಿಸಿ ಗಡಿಯಾರ ಮಾಡಿದ್ದ. ಅದರ ಮೇಲಿನ ಧೂಳೇ ವರ್ಷಗಳ ಹಿಂದಿನದು.

"ಜಗಳ ಮಾಡೀನಿ ಖರೇ," ಎಂದ ಅವನು. "ಆದ್ರ ಆ ಹಾಡಿನ ಗಿಟಾರು ನಂದು. ಅದನ್ನ ಯಾವಾಗರ ಮಾರ್ಕೊಂತೀನೇನ್ರಿ? ನನ್ನ ಗಡಿಯಾರ ನೋಡಿದಾಗೊಮ್ಮೆ ನನಗ ಹೆಮ್ಮಿ ಆಕ್ಕೈತಿ."

ಸುದ್ದಿ ಕೇಳಿ ದೀಪಿಕಾ ಕಾಲೇಜಿನಿಂದ ಓಡಿಬಂದಳು. ಪಿಯು ಹುಡುಗರಿಗೆ ಗಣಿತ ಹೇಳುವವಳು. ಸೀರೆಯ ಸೆರಗು ಸಿಕ್ಕಿಸಿಕೊಂಡು, ದಾರಿಯಲ್ಲಿ ಮನೆ ಹೊಕ್ಕು ತನ್ನ ಸೊಟ್ಟ ಪ್ಲೇಟನ್ನು ಜೊತೆಗೇ ತಂದಿದ್ದಳು.

"ಕಂಪನಿಯವ್ರು ಮನೀಗೇ ಬಂದಿದ್ರು ಅಕ್ಕಾ," ಎಂದಳು. "ನಿಮ್ಮದು ಬರೀ ಬಿ ಸೈಡು, ಯಾರೂ ಕೇಳಿಲ್ಲ, ಬಿಟ್ಟಬಿಡ್ರಿ ಅಂದ್ರು. ಯಾರೂ ಕೇಳದಿದ್ರೂ ನಮ್ಮದ ರೀ ಅಂತ ಬಾಗಲ ಹಾಕಿದೆ. ನಮ್ಮ ಊರಿನ ಸಿಟ್ಟದು. ಅದನ್ನ ಅವ್ರು ಹೆಂಗ ತಮ್ಮದು ಅಂತಾರ?"

ಆ ಮಾತು ಕೇಳಿ ಮಹಾಲಕ್ಷ್ಮಿಗೆ ಈ ಹುಡುಗಿಗಾಗಿಯಾದರೂ ಪ್ಲೇಟು ಸಿಗಲೇಬೇಕು ಎನ್ನಿಸಿತು.

"ಬರ್ರಿ ಅಕ್ಕಾ, ಮನ್ಯಾಗ ಊಟ ಮಾಡಿ ಹೋಗ್ರಂತ."

"ಬುತ್ತಿ ಐತವಾ. ಲಿಂಗಸುಗೂರಾಗ ಆಸೀಫನ ಅಂಗಡಿ ಮುಟ್ಟಿ ಉಣ್ತೀನಿ. ಈಗ ಉಣ್ಣಾಕ ಹೊತ್ತಿಲ್ಲ."

ಇಬ್ಬರ ಪ್ಲೇಟು ಕಣ್ಣೆದುರಿಗಿದ್ದವು. ನಕಲಿ ಮೂರನೆಯವನದೇ ಆಗಿರಬೇಕು. ಆಸೀಫನ ಅಂಗಡಿಗೆ ಹೊರಟಿದ್ದೇನೆ ಎಂದು ಚನ್ನವೀರನಿಗೆ ಫೋನಿನಲ್ಲಿ ತಿಳಿಸಿ ಆಕೆ ಗಾಡಿ ಏರಿದಳು.

ಆದರೆ ದಾರಿಯುದ್ದಕ್ಕೂ ಒಂದು ಮಾತು ಕೊರೆಯುತ್ತಿತ್ತು. ಪೂಜೆಗೆ ಮುಂಚೆ ಪ್ಲೇಯರು ಒರೆಸಿ ಎಣ್ಣೆ ಬಿಡಲು ಬರುವವನೇ ಆಸೀಫ್. ಬಿ ಸೈಡೇ ಮುಖ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದವನು ತಪ್ಪಿದ್ದು ಹೇಗೆ?

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಆಸೀಫನ ತಗಡಿನ ಸೂರಿನ ರಿಪೇರಿ ಅಂಗಡಿ. ಮೈಕ್‌ಸೆಟ್ಟಿನವರ ಆಂಪ್ಲಿಫೈಯರುಗಳು ನೆಲ ಕಾಣದಂತೆ ಬಿದ್ದಿದ್ದವು. ಗಲ್ಲಿಯಲ್ಲಿ ನೆರಳೇ ಇಲ್ಲ. ಗಾಡಿಯನ್ನು ಬಿಸಿಲಿಗೇ ಬಿಟ್ಟು ಆಕೆ ಒಳಗೆ ನುಗ್ಗಿದಳು.

"ಆಸೀಫ್, ನಿಮ್ಮ ಪ್ಲೇಟು ತೋರಸ್ರಿ."

ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. "ಇಲ್ಲ್ರಿ ಅಕ್ಕಾರ."

"ಇಲ್ಲಂದ್ರ?"

"ಕೊಟ್ಟೀನಿ."

"ಸಪಾಟ ಮಾಡಿ ಕೊಟ್ಟೀರಿ."

ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದಳು. ಅವನು ಕುತ್ತಿಗೆ ಎತ್ತಿದ. "ಹೌದ್ರಿ, ಮಾಡೀನಿ! ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲಾ ಅಡ್ಡಾಡ್ರಿ, ಬ್ಯಾರೆ ಯಾರರ ಮಾಡ್ಲಿ ನೋಡೂಣು. ಎರಡು ದಪ್ಪ ಗಾಜು, ಮ್ಯಾಲ ಒಂದು ಟ್ರಾನ್ಸ್‌ಫಾರ್ಮರು, ಈ ತಗಡಿನ ಬಿಸಲು. ಅಷ್ಟ. ಎ ಸೈಡು ಕೇಳೀರಲ್ಲ?"

"ಕೇಳೀನಿ. ತೂರ್ಯಾಡ್ತೈತಿ. ಬಿ ಸೈಡು ಹಾಡಂಗಿಲ್ಲ."

ಅವನ ಮುಖ ಸಪ್ಪಗಾಯಿತು. "ಅದೊಂದು ಕೈ ಕೊಡ್ತು. ಕೆಳಗಿನ ಗಾಜು ಜಾಸ್ತಿ ಕಾಯ್ದು ಗೆರಿ ಕರಗಿದವು. ನಮ್ಮ ಹಾಡ ನಾನ ಸುಟ್ಟಂಗಾತು ಅಂತ ಅವತ್ತು ಊಟ ಮಾಡಿಲ್ಲರಿ."

"ಯಾರಿಗೆ ಕೊಟ್ರಿ?"

"ಹೇಳಂಗಿಲ್ಲ. ಜಬಾನ ಕೊಟ್ಟೀನಿ, ಮಾತಂದ್ರ ಮಾತು."

"ನಾಳೆ ದೀಪಿಕಾ ಬರಿಗೈಲೆ ಕೋರ್ಟಿಗೆ ಹೋಗ್ತಾಳ. ಆಕಿಗೆ ಕೊಟ್ಟ ಜಬಾನ ಎಲ್ಲೈತಿ?"

ಆಸೀಫ್ ಬೆಸುಗೆಯ ಕಡ್ಡಿ ಮತ್ತೆ ಎತ್ತಿಕೊಂಡ. ಗೋಣು ಅಲ್ಲಾಡಿಸಿದ.

ಮಹಾಲಕ್ಷ್ಮಿ ತನ್ನ ತುರುಪನ್ನು ಎಸೆದಳು. "ನೀವು ಹೇಳದಿದ್ರೂ ನನಗ ಗೊತ್ತೈತಿ. ಅಂವ ಆ ಮನೀಗೆ ಹೊರಗಿನಾಂವ. ಎ ಸೈಡಿಗೆ ವಿಭೂತಿ ಹಚ್ಚಿ ಸಿಕ್ಕಬಿದ್ದಾನ."

"ವಿಭೂತಿ?" ಆಸೀಫ್ ತಟ್ಟನೆ ತಲೆ ಎತ್ತಿದ. "ನಾ ಕೊಟ್ಟಾಗ ಏನೂ ಇರಲಿಲ್ಲಲ್ರಿ. ಎ ಸೈಡಿಗೆ ಹಚ್ಯಾರೇನು?"

"ಎ ಸೈಡಿಗೆ. ಆ ಮನೀ ಪದ್ಧತಿ ಗೊತ್ತಿಲ್ಲದಾಂವ."

ಅವನು ನಕ್ಕುಬಿಟ್ಟ. ನಗು ಬರುಬರುತ್ತ ಕಣ್ಣು ಒದ್ದೆಯಾದವು.

"ಗೊತ್ತಿಲ್ಲದ ಹಚ್ಚಿದ್ದಲ್ಲ ಅಕ್ಕಾರ. ಗೊತ್ತಿದ್ದ ಹಚ್ಚಿದ್ದು. ಖೊಟ್ಟಿ ಪ್ಲೇಟಿನ ಮುಖಕ್ಕ ವಿಭೂತಿ ಹಚ್ಚಾಕ ಆ ಕೈ ಒಪ್ಪಿಲ್ಲ, ನೋಡ್ರಿ!"

ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಆ ಮನೆಯಲ್ಲಿ ವಿಭೂತಿ ಹಚ್ಚುವ ಕೈ ಒಂದೇ. ಬೆಳಿಗ್ಗೆ ಬುತ್ತಿ ಕೊಟ್ಟ ಕೈ.

"ಪಾರ್ವತೆಮ್ಮ," ಎಂದಳು ಮಹಾಲಕ್ಷ್ಮಿ.

ಆಸೀಫ್ ಒಂದು ಸ್ಟೂಲನ್ನು ಒರೆಸಿ ಆಕೆಯ ಕಡೆ ಸರಿಸಿದ.

"ಕಂಪನಿಯವ್ರು ಚನ್ನವೀರ ಸಾವ್ಕಾರ್ರಿಗೆ ಆಸೆ ಹಚ್ಯಾರರಿ. ರೊಕ್ಕದ್ದಲ್ಲ. ಬೆಂಗಳೂರಾಗ ಒಂದು ದೊಡ್ಡ ಹಾಲ್, ನಿಮ್ಮ ಪ್ಲೇಟೆಲ್ಲ ಅಲ್ಲಿಡ್ತೀವಿ, ಬಾಗಲ ಮ್ಯಾಲ ನಿಮ್ಮ ಹೆಸರು ಅಂದಾರ. ಮೊದಲ 'ಟೇಲೆಂಡ್' ಕಳಸ್ರಿ, ಗಾಜಿನ ಪೆಟಿಗ್ಯಾಗ ಇಡ್ತೀವಿ ಅಂದಾರ. ಇಷ್ಟು ವರ್ಷ ಊರೆಲ್ಲ ಅವರನ್ನ ನೋಡಿ ನಕ್ಕೈತಿ. ಒಬ್ಬರರ ಕೈ ಮುಗದ್ರಲ್ಲ ಅಂತ ಕರಗಿಬಿಟ್ರು. ಇವತ್ತ ಸಂಜೀಕ ಅವ್ರ ಕೈಗೆ ಕೊಡೂ ಮಾತಾಗೈತಿ."

"ಕೋರ್ಟಿನ ಹಿಂದಿನ ದಿನ?"

"ನಾಳೆ ಮುಂಜಾನೆ ರಾಯಚೂರಿಗೆ ಅವ್ರ ತರ್ತಾರಂತ. ಸಾವ್ಕಾರ್ರು ನಂಬ್ಯಾರ. ಅಮ್ಮಾರು ನಂಬಿಲ್ಲ. ನನ್ನ ಮಗನ ಮರ್ಯಾದಿ ಉಳೀಬೇಕು, ಆ ಹುಡುಗಿ ಹಾಡೂ ಉಳೀಬೇಕು ಅಂತ ನನ್ನ ಹಂತ್ಯಾಕ ಬಂದಿದ್ರು. ಅಸಲಿ ಎಲ್ಲೈತಿ ಅಂತ ನನಗೂ ಹೇಳಿಲ್ಲ. ಯಾರೂ ಸಂಶೇ ಪಡದಾಕಿ ಕೈಲೆ ಮಸ್ಕಿಗೆ ಕಳಸ್ತೀನಿ ಅಂತ ಅಷ್ಟ ಅಂದ್ರು."

ದೀಪಿಕಾನ ಜೋಡಿ ಕುಂತು ಬಿಚ್ಚು. ಬಿಸಲಾಗ ಇಡಬ್ಯಾಡ.

ಮಹಾಲಕ್ಷ್ಮಿ ಸ್ಟೂಲು ಉರುಳಿಸಿಕೊಂಡು ಹೊರಗೆ ಓಡಿದಳು. ಚೀಲ ಕೊಂಡಿಯಲ್ಲೇ ಇತ್ತು, ನಡುಮಧ್ಯಾಹ್ನದ ಬಿಸಿಲಿನಲ್ಲಿ. ಬಟ್ಟೆ ಮುಟ್ಟಿದರೆ ಬೆಚ್ಚಗಿತ್ತು. ಎದೆಗೆ ಅವುಚಿಕೊಂಡು ಒಳಗೆ ತಂದು ಗಂಟು ಬಿಚ್ಚಿದಳು. ಊರೂರು ತಿರುಗಿ ಹುಡುಕಿದ ವಸ್ತುವನ್ನು ತಾನೇ ಹೊತ್ತು ತಿರುಗಿದ್ದಾಳೆ ಎಂದು ನಾಚಿಕೆಯೂ ಆಯಿತು, ಆ ಮುದುಕಿಯ ಬುದ್ಧಿಗೆ ಹೆಮ್ಮೆಯೂ ಆಯಿತು.

ಮೇಲೆ ರೊಟ್ಟಿ. ಅದರ ಕೆಳಗೆ ಇನ್ನೂ ಹಸಿ ಇದ್ದ ಒದ್ದೆ ಬಟ್ಟೆಯ ಮಡಿಕೆ. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪ್ಲೇಟು. ಕೆಳಗೆ ಮತ್ತೆ ಒದ್ದೆ ಬಟ್ಟೆ, ಮತ್ತೆ ರೊಟ್ಟಿ.

ಆಸೀಫ್ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದ. ಬಿ ಸೈಡಿನ ಮೇಲೆ ಮೂರು ಬೆರಳಿನ ಹಳೆಯ ವಿಭೂತಿ ಇತ್ತು.

"ಸಪಾಟ ಐತ್ರಿ," ಎಂದ. "ಏನೂ ಆಗಿಲ್ಲ."

"ಹಾಡಿಸ್ರಿ. ನಾನೂ ಒಮ್ಮಿ ಕೇಳಬೇಕು."

ಅವನು ಅಂಗಡಿಯ ಪ್ಲೇಯರಿನ ಮೇಲೆ ಪ್ಲೇಟಿಟ್ಟು ಮುಳ್ಳು ಇಳಿಸಿದ. ಮೊದಲು ಅವನದೇ ಡ್ರಮ್ಮು ತಗಡನ್ನು ನಡುಗಿಸಿತು. ಅದರ ಮೇಲೆ ಅನಿಲಕುಮಾರನ ಗಿಟಾರು ಹರಿಯಿತು. ಆಮೇಲೆ ದೀಪಿಕಾ, ಹತ್ತು ವರ್ಷದ ಹಿಂದಿನ ದೀಪಿಕಾ ಕೂಗಿದಳು: 'ಗೇಟು ಎತ್ರಿ! ಮ್ಯಾಲಿನವ್ರ, ಗೇಟು ಎತ್ರಿ! ನಾವೂ ಅದೀವಿ ಇಲ್ಲಿ!' ಮಹಾಲಕ್ಷ್ಮಿಗೆ ತಾಳ ಗೊತ್ತಿಲ್ಲ, ಗಿಟಾರು ಗೊತ್ತಿಲ್ಲ. ಆದರೂ ಎದೆ ಉಬ್ಬಿ ಬಂತು. ಇದು ನಮ್ಮ ಕಡೆಯ ಹಾಡು ಎಂದು ಗಲ್ಲಿಗೆಲ್ಲ ಸಾರಬೇಕೆನ್ನಿಸಿತು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಅಂಗಡಿಯ ಹೊಸ್ತಿಲಲ್ಲಿ ಚನ್ನವೀರ ನಿಂತಿದ್ದ. ಹಾಡು ಕೇಳಿ ಅವನ ಕಣ್ಣು ತುಂಬಿದ್ದವು. ಹಿಂದಿನ ಕಾರಿನಲ್ಲಿ ಅಪರಿಚಿತನೊಬ್ಬ ಗಾಜು ಇಳಿಸಿ ಇತ್ತಲೇ ನೋಡುತ್ತಿದ್ದ. ಅವನ ತೊಡೆಯ ಮೇಲೆ ಗಾಜಿನ ಮುಚ್ಚಳದ ಸಣ್ಣ ಪೆಟ್ಟಿಗೆ ಇತ್ತು.

"ಸಿಕ್ತು," ಎಂದ ಚನ್ನವೀರ. "ನೀವು ಹುಡುಕೇ ಹುಡುಕ್ತೀರಿ ಅಂತ ಗೊತ್ತಿತ್ತು ಮೇಡಂ." ಅವನ ನೋಟ ಬಿಚ್ಚಿದ ಬುತ್ತಿಯ ಮೇಲೆ ಬಿತ್ತು. ತಾಯಿಯ ಸೀರೆಯ ಹರಕು, ತಾಯಿ ಬಡಿದ ರೊಟ್ಟಿ. ಅವನ ಮುಖದ ಬಣ್ಣ ಇಳಿಯಿತು. ಆದರೂ ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ.

"ಕೊಡ್ರಿ. ಕೆಲಸ ಕೊಟ್ಟವ್ರ ಕೈಗೇ ಕೊಡ್ತೀನಿ, ಅದ ನನ್ನ ಮರ್ಯಾದಿ ಅಂತ ಮುಂಜಾನೆ ಅವ್ವನ ಮುಂದ ನೀವ ಅಂದೀರಿ."

ಆಸೀಫ್ ಮಹಾಲಕ್ಷ್ಮಿಯ ಮುಖ ನೋಡಿದ. ಆಕೆ ಒಂದು ಹೆಜ್ಜೆ ಸರಿದು ಪ್ಲೇಯರಿಗೆ ಅಡ್ಡಲಾಗಿ ನಿಂತಳು.

"ಹಾಡು ಮುಗೀಲಿ ಸಾವ್ಕಾರ್ರ," ಎಂದಳು. ಕೊಟ್ಟ ಮಾತು ಉಳಿಸಬೇಕೋ, ದೀಪಿಕಾನ ಹಾಡು ಉಳಿಸಬೇಕೋ ಎಂದು ಅಷ್ಟರೊಳಗೆ ತೀರ್ಮಾನಿಸಬೇಕಿತ್ತು.

ಪಂಕ್ ಹಾಡು ಬಹಳ ಉದ್ದ ಇರುವುದಿಲ್ಲ ಎಂದು ಬೆಳಿಗ್ಗೆ ಅವನೇ ಆಕೆಗೆ ಹೇಳಿಕೊಟ್ಟಿದ್ದ.